ಹಿಂದಿನ ಸಾಲಿನ ಟೇಪು

ಕನ್ನಡಕದಂಗಡಿಯವನ ಮನೆಯಲ್ಲಿ ಒಂದೇ ರಾಕ್ ತಂಡದ ನೂರಾ ತೊಂಬತ್ತು ಶೋಗಳ ಟೇಪುಗಳಿದ್ದವು. ಅಂಗಡಿಯಲ್ಲಿ ಸಿಗುವಂಥವಲ್ಲ, ಅಭಿಮಾನಿಗಳು ಬ್ಯಾಗಿನಲ್ಲಿ ರೆಕಾರ್ಡಿಂಗ್ ಮಷಿನ್ ಬಚ್ಚಿಟ್ಟುಕೊಂಡು ಹೋಗಿ ಕದ್ದು ಹಿಡಿದವು. ಹಾಡಿಗಿಂತ ಕೆಮ್ಮೇ ಜಾಸ್ತಿ. "ಅದೇ ಹಾಡು, ಅದೇ ಗಲಾಟೆ. ಇನ್ನೊಂದು ಸಲ ಹಾಕಿದ್ರೆ ಡ್ರಮ್ಮಿನವನು ಬೇರೆ ಥರ ಬಾರಿಸ್ತಾನಾ?" ಎಂದು ಹೆಂಡತಿ ಕೇಳುವಳು. "ಒಂದೊಂದು ದಿನ ಒಂದೊಂದು ಥರ ಬಾರಿಸ್ತಾನೆ, ಅದಕ್ಕೇ ಕಣೇ ಕೂಡಿಡೋದು" ಎಂದು ಇವನು ಅಂದರೆ ಆಕೆ ಹಣೆ ಚಚ್ಚಿಕೊಳ್ಳುವಳು.

ನಿಜ ಹೇಳಬೇಕೆಂದರೆ ಅವನು ಹುಡುಕುತ್ತಿದ್ದದ್ದು ಡ್ರಮ್ಮನ್ನಲ್ಲ, ಅಕ್ಕನ ದನಿಯನ್ನು. ಈ ಹುಚ್ಚು ಹತ್ತಿಸಿದವಳೇ ಅವಳು. ಅವಳದೊಂದು ಕಟ್ಟುನಿಟ್ಟಿತ್ತು: ಮಷಿನ್ ಓಡುವಾಗ ಚಪ್ಪಾಳೆಯಿಲ್ಲ, ಪಿಟಕ್ಕೆನ್ನುವಂತಿಲ್ಲ. ಹಾಗಾಗಿ ಅವಳು ಹಿಡಿದ ಟೇಪುಗಳಲ್ಲಿ ಊರೆಲ್ಲ ಕೂಗಾಡುತ್ತದೆ, ಅವಳೊಬ್ಬಳದು ಒಂದು ಮಾತೂ ಇಲ್ಲ. ಇರುವುದು ಮೂಗಿನ ಸಣ್ಣ ಸೀಟಿ ಮಾತ್ರ. ಚಿಕ್ಕಂದಿನಲ್ಲಿ ಬಿದ್ದು ಮೂಗು ಮುರಿದುಕೊಂಡಿದ್ದಳು. ಉಸಿರೆಳೆದಾಗಲೆಲ್ಲ ಸುಂಯ್ ಎನ್ನುತ್ತಿತ್ತು. ತಂಡದ ಕೊನೆಯ ಶೋ ಮುಗಿದಾಗ ಶೋ ನಡೆದ ಹಾಲಿನ ಎಡಗಡೆ ಮೆಟ್ಟಿಲಲ್ಲಿ ನೂಕುನುಗ್ಗಲಾಗಿ ಅವಳು ತೀರಿಕೊಂಡಳು. ಅವಳ ಮಷಿನ್ ಸಿಗಲೇ ಇಲ್ಲ. ಮೂವತ್ತು ವರ್ಷದ ಮೇಲೂ ತಮ್ಮನಿಗೆ ಅವಳ ಮುಖ ನೆನಪಿತ್ತು, ಬೈಗುಳಗಳೂ ನೆನಪಿದ್ದವು, ದನಿ ಮಾತ್ರ ಮರೆತುಹೋಗಿತ್ತು. ಇದಕ್ಕಿಂತ ದೊಡ್ಡ ಅನ್ಯಾಯ ಏನಿದೆ ಹೇಳಿ.

ಒಂದು ಶನಿವಾರ ಬೆಳಿಗ್ಗೆ ಅಂಚೆಯಲ್ಲಿ ಒಂದು ಟೇಪು ಬಂತು. ಕಳಿಸಿದವರು ರೈಲಿನಲ್ಲಿ ಟಿಕೆಟ್ ನೋಡುತ್ತಿದ್ದು ನಿವೃತ್ತರಾದ ಒಬ್ಬ ಮುದುಕರು, ಅವರೂ ಇದೇ ಹುಚ್ಚಿನವರು. "ಕೊನೆಯ ಶೋ. ನಾನು ಕೂತದ್ದು ನಿಮ್ಮಕ್ಕನ ಹಿಂದಿನ ಸಾಲಿನಲ್ಲಿ. ನಕಲು ಮಾಡಿಕೊಂಡು ಮೂಲವನ್ನು ವಾಪಸ್ ಕಳಿಸಿ" ಎಂದು ಚೀಟಿ ಬರೆದಿದ್ದರು.

ಟೇಪು ಕೂಡಿಡುವವರಲ್ಲಿ ಮೂಲವನ್ನು ಸವೆಸುವಂತಿಲ್ಲ. ನಕಲು ಮಾಡುವಾಗ ಓಡಿದ್ದೆಷ್ಟೋ ಅಷ್ಟೇ, ಆಮೇಲೆ ಕೇಳುವುದೆಲ್ಲ ನಕಲನ್ನೇ. ಅವನು ಟೇಪು ಓಡಿಸುವ ಎರಡು ಡೆಕ್ಕುಗಳ ನಡುವೆ ವೈರು ಸಿಕ್ಕಿಸಿ, ಹೆಡ್‌ಫೋನ್ ಹಾಕಿಕೊಂಡು ಕೂತ. ಮೂರನೆಯ ಹಾಡು ಮುಗಿದು ಗದ್ದಲ ಇಳಿದಾಗ, ಸುಂಯ್. ಬಾಯಿತಪ್ಪಿ "ಅಕ್ಕಾ!" ಎಂದವನೇ ಹೆಡ್‌ಫೋನ್ ಕಿತ್ತಿಟ್ಟು ಅತ್ತುಬಿಟ್ಟ.

ಊಟವಾದ ಮೇಲೆ ನಕಲನ್ನು ಹಾಕಿದ. ಮೂರನೆಯ ಹಾಡು, ಸೀಟಿ, ಆಮೇಲೆ "ಅಕ್ಕಾ!" ಅವನದೇ ದನಿ, ಐವತ್ತು ದಾಟಿದ ಒಡಕು ದನಿ, ಆ ದೊಡ್ಡ ಹಾಲಿನಲ್ಲಿ ಮಾರ್ದನಿಗೊಡುತ್ತಿತ್ತು. ಅದರ ಹಿಂದೆಯೇ ಕುರ್ಚಿ ಕಿರುಗುಟ್ಟಿದ ಸದ್ದು. ಯಾರೋ ಹಿಂತಿರುಗಿ ನೋಡಿದ್ದರು.

ಡೆಕ್ಕಿಗೆ ಮೈಕೇ ಇರಲಿಲ್ಲ, ಮನೆಯೊಳಗಿನ ದನಿ ಟೇಪಿಗೆ ಇಳಿಯುವಂತೆಯೇ ಇರಲಿಲ್ಲ. ಹೆಂಡತಿಯನ್ನು ಕರೆದು ಕೇಳಿಸಿದ. ಆಕೆಯ ಮುಖ ಬಿಳಿಚಿಕೊಂಡಿತು.

"ಇದು ನೀವೇ ಕರೆದಿದ್ದು. ರೀ, ಆ ಟೇಪು ನಮಗೆ ಬೇಡ, ಇವತ್ತೇ ವಾಪಸ್ ಕಳಿಸಿಬಿಡಿ."

"ಹೂಂ, ಕಳಿಸ್ತೀನಿ" ಎಂದ. ಆಕೆ ಅತ್ತ ಹೋದದ್ದೇ ಬಾಗಿಲು ಹಾಕಿಕೊಂಡು, ಹೊಸ ಟೇಪು ತುರುಕಿ, ಮೂಲವನ್ನು ಮತ್ತೆ ಮೊದಲಿನಿಂದ ಓಡಿಸಿದ. ಈ ಸಲ ಹೆಡ್‌ಫೋನ್ ತೆಗೆಯಲಿಲ್ಲ. ಕೊನೆಯ ಹಾಡಿನ ಹೊತ್ತಿಗೆ ಡೆಕ್ಕಿನ ಕಡೆ ಬಾಗಿ ಬಾಯಿಬಿಟ್ಟ.

"ಅಕ್ಕಾ, ನಾನು ಕಣೇ, ನಿನ್ನ ತಮ್ಮ. ಶೋ ಮುಗಿದ್ಮೇಲೆ ಮೆಟ್ಟಿಲ ಹತ್ರ ಹೋಗ್ಬೇಡ. ನಾನು ಹೇಳೋವರೆಗೂ ಅಲ್ಲೇ ಕೂತಿರು, ಏಳಬೇಡ."

ಕುರ್ಚಿ ಕಿರುಗುಟ್ಟಿತು. ಮಾತಿಲ್ಲ. ಮಷಿನ್ ಓಡುವಾಗ ಅವಳು ಬಾಯಿ ಬಿಡುವವಳಲ್ಲ.

ಹಾಡು ಮುಗಿಯಿತು. ಜನ ದಡಬಡ ಎದ್ದರು. ಎಡಗಡೆಯಿಂದ ಮೊದಲ ಚೀತ್ಕಾರ ಎದ್ದಾಗ ಅವನು ಕಣ್ಣು ಮುಚ್ಚಿಕೊಂಡ. ಬಹಳ ಹೊತ್ತಾದ ಮೇಲೆ ಎಲ್ಲ ತಣ್ಣಗಾಯಿತು, ಆದರೂ ಸೀಟಿ ಹಾಗೇ ಇತ್ತು, ನೆಮ್ಮದಿಯಾಗಿ, ಒಂದೇ ಸಮ. ಉಳಿದಳು! ಅವನು ನಗುತ್ತಾ ಕಣ್ಣೊರೆಸಿಕೊಂಡು ಡೆಕ್ಕಿನ ಕಡೆ ನೋಡಿದ.

ಎರಡು ಟೇಪೂ ಮುಗಿದು ನಿಂತಿದ್ದವು, ಚಕ್ರ ತಿರುಗುತ್ತಿರಲಿಲ್ಲ. ಹೆಡ್‌ಫೋನಿನಲ್ಲಿ ಆ ಹಾಲಿನ ಸದ್ದು ಮಾತ್ರ ಹಾಗೇ ಕೇಳುತ್ತಿತ್ತು. ಯಾರೋ ಕಸ ಗುಡಿಸಿದರು. ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಗೋಡೆಯ ಮೇಲಿನ ಹಾರ ಹಾಕಿದ ಫೋಟೋದಲ್ಲಿ ಅಕ್ಕನಿಗೆ ಇನ್ನೂ ಇಪ್ಪತ್ನಾಲ್ಕೇ ವರ್ಷ. ಅವಳು ಬದುಕಿ ಮನೆಗೆ ಬಂದಿರಲಿಲ್ಲ. ಇವನು ಹೇಳಿದಲ್ಲೇ ಕೂತಿದ್ದಳು, ಅಷ್ಟೇ.

ಟಕ್ ಎಂದು ಅವಳು ಮಷಿನ್ ನಿಲ್ಲಿಸಿದ್ದು ಕೇಳಿಸಿತು.

"ತಮ್ಮಾ," ಎಂದಳು. ಸ್ವಲ್ಪ ಗೊಗ್ಗರು, ಸ್ವಲ್ಪ ಅವಸರ. ಅಯ್ಯೋ, ಹೀಗಿತ್ತಲ್ಲ ಅವಳ ದನಿ! "ಎಲ್ಲರೂ ಹೋದ್ರು ಕಣೋ. ತುಂಬಾ ಕತ್ತಲೆ ಇಲ್ಲಿ. ಇನ್ನು ಏಳ್ಲಾ?"

ಹೂಂ ಎಂದರೆ ಎದ್ದು ಹೋಗುವಳು. ಹೋದರೆ ಈ ದನಿ ಇನ್ನೆಲ್ಲೂ ಸಿಗುವುದಿಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವಳಿಗೆ ಭಯವಾಗುತ್ತಿದೆ ಎಂಬುದೂ ಗೊತ್ತಿತ್ತು.

"ಇನ್ನೊಂಚೂರು ಹೊತ್ತು ಕೂತಿರಕ್ಕಾ," ಎಂದ. "ಏನಾದ್ರೂ ಮಾತಾಡ್ತಾ ಇರು."