ವಿಯೆಟ್ನಾಂ ಶಿವನಿಗೊಂದು ಪತ್ರೆ

ವಿಯೆಟ್ನಾಂ ಹುಚ್ಚು ಹತ್ತಿಸಿದ್ದು ಮಗಳು ಪವಿತ್ರ. ಗುಂಡ್ಲುಪೇಟೆಯಿಂದ ತೆರಕಣಾಂಬಿಯ ತವರಿಗೆ ಬಂದವಳು ತಾನೂ ಗಂಡನೂ ಹೋಗಬೇಕೆಂದಿದ್ದ ಜಾಗದ ಚಿತ್ರವೊಂದನ್ನು ಫೋನಿನಲ್ಲಿ ಅವ್ವನಿಗೆ ತೋರಿಸಿದಳು. ಕಾಡಿನ ನಡುವೆ ಮುರುಕಲು ಇಟ್ಟಿಗೆಯ ಗುಡಿ, ಮುಂದೆ ಮಳೆಗೆ ಪಾಚಿ ಹಿಡಿದ ಶಿವಲಿಂಗ.

"ಅಲ್ಲೂ ಶಿವ ಅವ್ನಾ?" ಎಂದರು ಪುಟ್ಟಮಲ್ಲಮ್ಮ. "ಪೂಜೆ ಯಾರು ಮಾಡ್ತರೆ?"

"ಯಾರೂ ಮಾಡಲ್ಲ ಕಣವ್ವ. ಜನ ಬಂದು ಫೋಟೋ ಇಡ್ಕಂಡು ಓಯ್ತರೆ, ಅಷ್ಟೆ."

ಆ ಮಾತು ಪುಟ್ಟಮಲ್ಲಮ್ಮನವರನ್ನು ನೋಯಿಸಿತು. ಒಂದೇ ಒಂದು ಪತ್ರೆ ಇಡುವವರಿಲ್ಲವಲ್ಲ ಅಂತ. ಶ್ರೀಶೈಲ, ಮಾದಪ್ಪನ ಬೆಟ್ಟ ಬಿಟ್ಟರೆ ದೂರದ ಊರು ಕಾಣದ ಹೆಂಗಸು, ನಾನೂ ಬರ್ತೀನಿ ಅಂದುಬಿಟ್ಟರು. ಅಳಿಯ ಸೋಮೇಶ ಗುಂಡ್ಲುಪೇಟೆಯಲ್ಲಿ ಟ್ರಾವೆಲ್ಸ್ ಇಟ್ಟುಕೊಂಡವನು. ಇನ್ನೇನು ಬೇಕು? ಕೊಚ್ಚಿಯಿಂದ ವಿಮಾನ ಹುಡುಕಿ, ಅತ್ತೆ ಮಾವ ಇಬ್ಬರಿಗೂ ಪಾಸ್‌ಪೋರ್ಟ್ ಮಾಡಿಸಲು ಚಾಮರಾಜನಗರಕ್ಕೆ ಎರಡು ಸಲ ಕಾರು ಓಡಿಸಿದ.

ಪಾಸ್‌ಪೋರ್ಟ್ ಕೈಗೆ ಬಂದ ದಿನವೇ ಮಾವ ಶಾಂತಮಲ್ಲಪ್ಪನವರು ತಿರುಗಿಬಿದ್ದರು.

"ನಾನೂ ಬರಲ್ಲ, ಇವಳೂ ಬರಲ್ಲ."

"ಯಾಕೆ ಮಾವ?"

ಶಾಂತಮಲ್ಲಪ್ಪನವರು ಎದೆಯ ಮೇಲಿನ ಬೆಳ್ಳಿ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಅದರೊಳಗಿರುವುದು ಅವರ ಇಷ್ಟಲಿಂಗ. "ಅಲ್ಲಿ ವಿಮಾನದ ಬಾಗಲಲ್ಲಿ ಇದನ್ನ ಬಿಚ್ಚುಸ್ತರಂತೆ. ವಿಮಾನ ಹತ್ತಿ ಬಂದ ಉಮ್ಮತ್ತೂರು ಚಂದ್ರಕುಮಾರ್ ಯೋಳ್ದ. ಬಿಚ್ಚಿ, ಬೆಲ್ಟು ಚಪ್ಲಿ ಪಕ್ಕ ಟ್ರೇಲಿ ಮಡಗ್ಬೇಕಂತೆ. ದೀಕ್ಷೆ ಆದಾಗ್ನಿಂದ ಮೈ ಬುಟ್ಟು ದೂರ ಮಾಡಿಲ್ಲ ಕಣಪ್ಪ. ಸತ್ರೂ ಇದರ್ ಜೊತೇಲೇ ಮಣ್ಣಿಗೋಗದು."

ಇದಕ್ಕೆ ಯಾರು ತಾನೇ ಎದುರಾಡುತ್ತಾರೆ? ಸೋಮೇಶ ಫೋನನ್ನು ಜೇಬಿಗಿಟ್ಟ. ಪವಿತ್ರ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಪುಟ್ಟಮಲ್ಲಮ್ಮನವರ ಕೊರಳಲ್ಲೂ ಕರಡಿಗೆ ಇತ್ತು. ಅವರಿಗೆ ಅಳು ಬರುವ ಹಾಗಾಯಿತು. ಗಂಡ ಹೇಳಿದ್ದು ಸುಳ್ಳಲ್ಲ ಎನ್ನುವುದೇ ಅವರ ದುಃಖ.

ಮರುದಿನ ಬೆಳಗ್ಗೆ ಪೂಜೆಗೆ ಕೂತಾಗ ಪುಟ್ಟಮಲ್ಲಮ್ಮನವರು ಎಂದಿನಂತೆ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡಗೈಯ ಅಂಗೈ ಮೇಲಿಟ್ಟುಕೊಂಡರು. ನೀರು ಬಿಟ್ಟರು, ವಿಭೂತಿ ಹಚ್ಚಿದರು, ಪತ್ರೆ ಏರಿಸಿದರು. ಏರಿಸುತ್ತ ಹಾಗೇ ನಿಂತುಬಿಟ್ಟಿತು ಕೈ. ಅಯ್ಯೋ ಶಿವನೇ, ದಿನಾ ಬೆಳಗೆದ್ದು ಮಾಡುವುದು ಇದೇ ಅಲ್ಲವೇ? ಕರಡಿಗೆ ಪಕ್ಕದಲ್ಲಿದೆ, ಲಿಂಗ ಅಂಗೈಯಲ್ಲಿದೆ. ಮೈ ಬಿಟ್ಟು ದೂರವೆಲ್ಲಿ ಹೋಯಿತು?

ಪೂಜೆ ಮುಗಿದದ್ದೇ ಅಳಿಯನಿಗೆ ಫೋನು. ಅವನು ವಿಮಾನ ನಿಲ್ದಾಣದಲ್ಲಿ ಕೆಲಸಕ್ಕಿದ್ದ ಗೆಳೆಯನನ್ನು ವಿಚಾರಿಸಿ ಹೇಳಿದ: "ಬೆಳ್ಳಿ ಇದ್ರೆ ಮಿಷನ್ನು ಕೂಗ್ತದೆ ಅತ್ತೆ, ಲಿಂಗಕ್ಕಲ್ಲ. ಕರಡಿಗೆ ಟ್ರೇಗೆ ಹಾಕಿ, ಲಿಂಗ ಕೈಲಿಡ್ಕಂಡು ಬನ್ನಿ. ಏನದು ಅಂತ ಕೇಳಿದ್ರೆ ಅಂಗೈ ಬಿಚ್ಚಿ ತೋರುಸ್ಬೇಕಾಯ್ತದೆ."

"ತೋರುಸ್ತೀನಿ ಬುಡಪ್ಪ. ಅವರಿಗೂ ಒಂದು ದರ್ಶನ ಆಯ್ತದೆ."

ಮನೆಯ ಹಿಂದಿನ ಬಾಳೆ ತೋಟದಲ್ಲಿದ್ದ ಗಂಡನ ಹತ್ತಿರ ಪುಟ್ಟಮಲ್ಲಮ್ಮನವರು ಹೆಚ್ಚುಕಡಿಮೆ ಓಡಿಯೇ ಹೋದರು. ಶಾಂತಮಲ್ಲಪ್ಪನವರು ಪೂರ್ತಿ ಕೇಳಿಸಿಕೊಂಡರು. ಮುಖ ಅರಳಲಿಲ್ಲ.

"ಬಾಳೆಗೆ ನೀರು?"

"ಪಕ್ಕದ ತೋಟದ ಪುಟ್ಟಮಾದು ಬುಡ್ತನೆ. ಅವನಿಗೆ ಯೋಳಿವ್ನಿ."

"ಆ ಊರಲ್ಲಿ ಹಾವೂ ತಿಂತರಂತೆ. ನಾವೇನು ತಿನ್ನದು?"

"ಅವಲಕ್ಕಿ, ಚಟ್ನಿಪುಡಿ ಕಟ್ಕತೀನಿ."

"ರಾತ್ರಿ ಬಂಡೀಪುರದ ಗೇಟು ಹಾಕ್ಬುಟ್ಟಿರ್ತರೆ. ಕೊಚ್ಚಿಗೆ ಎಂಗೋಗದು?"

"ಹಗಲಲ್ಲೇ ಹೊರಟ್ರೆ ಆಯ್ತು!"

ಶಾಂತಮಲ್ಲಪ್ಪನವರು ಬಗ್ಗಿ, ಕೀಳಬೇಕಿಲ್ಲದ ಒಂದು ಎಲೆಯನ್ನು ಕಿತ್ತರು. ಆಗ ಪುಟ್ಟಮಲ್ಲಮ್ಮನವರಿಗೆ ಗೋಪಾಲಸ್ವಾಮಿ ಬೆಟ್ಟದ ಬಸ್ಸು ನೆನಪಾಯಿತು. ತಿರುವಿನಲ್ಲಿ ಬಸ್ಸು ವಾಲಿದಾಗೆಲ್ಲ ಈ ಮನುಷ್ಯ ಕಣ್ಣು ಮುಚ್ಚಿ, ಮುಂದಿನ ಸೀಟಿನ ಕಂಬಿ ಹಿಡಿದು ಕೂರುತ್ತಿದ್ದರು. ಕೇಳಿದರೆ ಸ್ವಾಮಿ ಧ್ಯಾನ ಎನ್ನುತ್ತಿದ್ದರು. ಶಿವಪೂಜೆಯ ಮನೆತನದವರಿಗೆ ಬಸ್ಸಿನಲ್ಲಿ ಮಾತ್ರ ಕೃಷ್ಣನ ಮೇಲೆ ಅದೆಂಥ ಭಕ್ತಿ ಎಂದು ಕೇಳಲು ಆಗ ಹೊಳೆದಿರಲಿಲ್ಲ.

"ನಿಮಗೆ ವಿಮಾನ ಅಂದ್ರೆ ಭಯ್ವಾ?"

ಶಾಂತಮಲ್ಲಪ್ಪನವರು ಎಲೆಯನ್ನು ಸೀಳುತ್ತ ನಿಂತರು. ಇಷ್ಟು ವರ್ಷದ ಸಂಸಾರದಲ್ಲಿ ಆ ಬಾಯಿಂದ ಭಯ ಎನ್ನುವ ಮಾತು ಬಂದದ್ದಿಲ್ಲ.

"ಊಂ ಕಣಮ್ಮಿ," ಎಂದರು ಕೊನೆಗೆ. "ಭಯ. ಕಾಲ ಕೆಳಗೆ ನೆಲ ಇಲ್ಲ ಅಂದ್ಕಂಡ್ರೇ ಎದೆ ಡವಗುಟ್ತದೆ."

ಪಾಪ ಅನ್ನಿಸಬೇಕಿತ್ತು. ಪುಟ್ಟಮಲ್ಲಮ್ಮನವರಿಗೆ ಬಂದದ್ದು ಕೋಪ. ರಾತ್ರಿಯೆಲ್ಲ ತಾನು ಶಿವನಿಗೇ ಅಪಚಾರ ಬಯಸಿದೆ ಎಂದು ನೊಂದುಕೊಂಡು ಮಲಗಿದ್ದರಲ್ಲ!

"ನಿಮ್ ಭಯನ ತಕ್ಕೊಂಡೋಗಿ ಶಿವನ ತಲೆಗೆ ಕಟ್ಟುದ್ರಲ್ಲ, ಸರೀನಾ? ಭಯ ಅಂದಿದ್ರೆ ನಾನೇನು ನಗ್ತಿದ್ನಾ?" ಎಂದವರು, ಉತ್ತರಕ್ಕೆ ಕಾಯಲಿಲ್ಲ. "ನೀವು ಇಲ್ಲೇ ಇರಿ. ನಾನು ಮಗಳ ಜೊತೆ ಓಯ್ತೀನಿ."

ಕೇಳಿದ್ದಲ್ಲ, ಹೇಳಿದ್ದು. ಗಂಡನಿಗೆ ಹೀಗೆ ಹೇಳಿದ್ದು ಇದೇ ಮೊದಲು. ಮಧ್ಯಾಹ್ನ ಎಂದಿನಂತೆ ಊಟಕ್ಕೆ ಬಡಿಸಿದರು, ಅವರು ಉಂಡರು. ಸಂಜೆ ಸೋಮೇಶ ಫೋನ್ ಮಾಡಿ "ಎಷ್ಟು ಟಿಕೆಟ್ ಮಾಡ್ಸನ ಅತ್ತೆ?" ಎಂದಾಗ ಪುಟ್ಟಮಲ್ಲಮ್ಮನವರು ಗಂಡನಿಗೆ ಕೇಳುವ ಹಾಗೆಯೇ "ನನಗೊಂದು" ಎಂದರು. ಶಾಂತಮಲ್ಲಪ್ಪನವರು ಬೇಡ ಎನ್ನಲಿಲ್ಲ, ಆಗಲಿ ಎಂದೂ ಅನ್ನಲಿಲ್ಲ. ಅದೇ ಪುಟ್ಟಮಲ್ಲಮ್ಮನವರನ್ನು ಕೊರೆಯಿತು. ಹೋಗು ಅನ್ನುವ ಒಂದು ಮಾತಿಲ್ಲದೆ ಹೋಗಿ, ಅಲ್ಲಿ ಯಾವ ಮನಸ್ಸಿನಿಂದ ಪತ್ರೆ ಇಡುವುದು?

ಬೆಳಗ್ಗೆ ಒಲೆ ಹಚ್ಚುತ್ತಿದ್ದಾಗ ಹಿಂದೆ ಯಾರೋ ನಿಂತ ಹಾಗಾಯಿತು. ತಿರುಗಿದರೆ ಗಂಡ. ಮಿಂದು ಒದ್ದೆ ಪಂಚೆಯಲ್ಲಿದ್ದಾರೆ, ಕೈಯಲ್ಲಿ ಖಾಲಿ ಹೂವಿನ ಬುಟ್ಟಿ. ಮದುವೆಯಾದಂದಿನಿಂದ ಆ ಬುಟ್ಟಿ ತುಂಬಿಯೇ ಅವರ ಮುಂದೆ ಬರುತ್ತಿತ್ತು.

"ಪತ್ರೆ ಎಲ್ಲಿ ಕುಯ್ತೀಯಮ್ಮಿ ನೀನು?" ಎಂದರು. "ನೀನು ಓದ ಮೇಲೆ ನಾನೇ ಕುಯ್ಕಬೇಕಲ್ಲ."

ಪುಟ್ಟಮಲ್ಲಮ್ಮನವರು ಒಲೆ ಬಿಟ್ಟು ಎದ್ದರು. ಬಚ್ಚಲ ಹಿಂದಕ್ಕೆ ಕರೆದುಕೊಂಡು ಹೋಗಿ ಬಿಲ್ವದ ಮರ ತೋರಿಸಿದರು. "ಮುಳ್ಳವೆ, ನಿಧಾನ," ಎಂದರು.

ಶಾಂತಮಲ್ಲಪ್ಪನವರು ಒಂದೊಂದಾಗಿ ಬಿಡಿಸಿ ಬುಟ್ಟಿಗೆ ಹಾಕಿದರು. ಸಾಕು ಎನ್ನುವಷ್ಟು ಆದ ಮೇಲೂ ಕೊಂಬೆಯ ಮೇಲಿಂದ ಕೈ ತೆಗೆಯಲಿಲ್ಲ.

"ನೀನು ಓಗೊ ದಿನ," ಎಂದರು, "ಅಲ್ಲಿಗೂ ಒಂದು ನಾನೇ ಕುಯ್ದು ಕೊಡ್ಲಾ?"