ತೊಳೆಯಬಾರದ ಬಟ್ಟೆ

ಸ್ವೀಡನ್ನಿನ ಶೋವ್ಡೆಯಲ್ಲಿ ಹೊಸಬರ ಪರಿಚಯವಾದರೆ ಮೊದಲು ಹೆಸರು ಕೇಳುತ್ತಾರೆ, ಆಮೇಲೆ ಏನು ಓದುತ್ತಿದ್ದೀಯ ಅಂತ ಕೇಳುತ್ತಾರೆ. ಚಿಕ್ಕ ಊರು. ವಿಶ್ವವಿದ್ಯಾಲಯ ಊರಿನ ನಡುವೆಯೇ ಇದೆ, ನನ್ನ ವಯಸ್ಸಿನವರೆಲ್ಲ ಬೆನ್ನಿಗೆ ಚೀಲ ಹಾಕಿಕೊಂಡು ಓಡಾಡುವವರೇ. ನಾನು ತಿಪಟೂರಿನಲ್ಲಿ ಪಿಯುಸಿ ಮೊದಲ ವರ್ಷವನ್ನು ಅರ್ಧಕ್ಕೇ ಬಿಟ್ಟವಳು. ಆ ಪ್ರಶ್ನೆ ಬಂದಾಗ ಸುಮ್ಮನೆ ನಗುತ್ತೇನೆ. ಇಲ್ಲಿನವರು ಮತ್ತೆ ಕೆದಕಿ ಕೇಳುವುದಿಲ್ಲ, ಅದೊಂದು ಪುಣ್ಯ.

ನನ್ನ ಗಂಡ ಅಶ್ವತ್ಥನಿಗೆ ಕಾರಿನ ಎಂಜಿನ್ ಕಾರ್ಖಾನೆಯಲ್ಲಿ ಕೆಲಸ. ನಮ್ಮ ಕಟ್ಟಡದಲ್ಲಿ ನಮ್ಮನ್ನು ಬಿಟ್ಟರೆ ಹೆಚ್ಚಿನವರು ವಿದ್ಯಾರ್ಥಿಗಳು. ಮೆಟ್ಟಿಲ ಮೇಲೆ ಯಾರೂ ಇಲ್ಲವೆಂದು ಬಾಗಿಲ ಕಿಂಡಿಯಿಂದ ನೋಡಿಕೊಂಡೇ ನಾನು ಹೊರಗೆ ಕಾಲಿಡುತ್ತಿದ್ದೆ. ಹೀಗೆ ನೋಡಿ ನೋಡಿ ಎಲ್ಲರೂ ನನಗೆ ಗೊತ್ತಿದ್ದರು, ನನ್ನ ಗುರುತು ಮಾತ್ರ ಯಾರಿಗೂ ಇರಲಿಲ್ಲ. ಸಲುಗೆ ಇದ್ದದ್ದು ಎದುರು ಮನೆಯ ಚಾರ್ವಿಯ ಜೊತೆ ಮಾತ್ರ. ಅವಳ ಅಪ್ಪ ಅಮ್ಮ ಬೆಂಗಳೂರಿನವರು, ಅವಳು ಬೆಳೆದದ್ದು ಇದೇ ದೇಶದ ನಾರ್‌ಶೋಪಿಂಗ್‌ನಲ್ಲಿ. ಕಂಪ್ಯೂಟರ್ ಆಟಗಳನ್ನು ಮಾಡುವುದನ್ನು ಕಲಿಯಲು ಇಲ್ಲಿಗೆ ಬಂದಿದ್ದಾಳೆ. ಅದನ್ನೂ ಕಾಲೇಜಿನಲ್ಲಿ ಕಲಿಸುತ್ತಾರೆಂದು ನಾನು ನಂಬಲು ಸ್ವಲ್ಪ ಕಾಲ ಹಿಡಿಯಿತು.

ವಿದ್ಯಾರ್ಥಿ ಸಂಘದ ಕೆಫೆಯ ಗುನಿಲ್ಲಾಗೆ ನನ್ನ ಇಡ್ಲಿಯ ಸುದ್ದಿ ಮುಟ್ಟಿಸಿದವಳು ಚಾರ್ವಿಯೇ. ಗುನಿಲ್ಲಾ ಕೆಫೆ ನಡೆಸುವ ಹಿರಿಯ ಹೆಂಗಸು, ಕಡಿಮೆ ಮಾತಿನವಳು. ಈ ಶುಕ್ರವಾರ ಮಧ್ಯಾಹ್ನದ ಊಟಕ್ಕೆ ಇಡ್ಲಿ ಮಾಡು, ಹುಡುಗರಿಗೆ ಹಿಡಿಸಿದರೆ ಇನ್ನು ಪ್ರತಿ ಶುಕ್ರವಾರ ಅಡುಗೆಮನೆ ನಿನ್ನದು ಅಂದಳು. ಸಂಘದ ಕಡೆಯಿಂದ ಊಟ ತಿಂಡಿ ನೋಡಿಕೊಳ್ಳುವ ಲಿನ್ನೆಯಾ ಎಂಬ ಹುಡುಗಿಯೂ ಒಪ್ಪಬೇಕಿತ್ತು. ಅವಳು ನಮ್ಮ ಕಟ್ಟಡದ ಮೇಲಿನ ಮಹಡಿಯಲ್ಲೇ ಇದ್ದಳು.

ಆ ಶುಕ್ರವಾರ ನನಗೆ ಎಷ್ಟು ಬೇಕಾಗಿತ್ತು ಎಂದು ಅಶ್ವತ್ಥನಿಗೂ ಹೇಳಿರಲಿಲ್ಲ. ವಾರಕ್ಕೊಮ್ಮೆಯಾದರೂ ನನಗಾಗಿ ಯಾರೋ ಕಾಯುವ ಒಂದು ಜಾಗ ಈ ಊರಿನಲ್ಲಿ ಇರಬೇಕು ಅನ್ನಿಸಿತ್ತು.

ತೊಂದರೆ ಇದ್ದದ್ದು ಹಿಟ್ಟಿನದು. ಮಾರ್ಚ್ ತಿಂಗಳ ಚಳಿಗೆ ನಮ್ಮ ಮನೆಯಲ್ಲಿ ಹಿಟ್ಟು ಹುಳಿ ಬರುವುದೇ ಇಲ್ಲ. ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಆಳೆತ್ತರದ ಕಪಾಟೊಂದಿದೆ. ಒದ್ದೆ ಬಟ್ಟೆ ನೇತುಹಾಕಿ ಗುಂಡಿ ತಿರುಗಿಸಿದರೆ ಒಳಗೆ ಬಿಸಿಗಾಳಿ ಬೀಸುತ್ತದೆ. ಆ ಕೋಣೆಯನ್ನು ಮೊದಲೇ ಹೊತ್ತು ಗೊತ್ತುಮಾಡಿಕೊಂಡು ಬಳಸಬೇಕು. ಒಬ್ಬರ ಹೊತ್ತಿನಲ್ಲಿ ಇನ್ನೊಬ್ಬರು ಕಾಲಿಡುವಂತಿಲ್ಲ. ಇಲ್ಲಿ ಯಾವ ತಪ್ಪನ್ನು ಮನ್ನಿಸಿದರೂ ಅದೊಂದನ್ನು ಮನ್ನಿಸುವುದಿಲ್ಲ. ಗುರುವಾರ ಬೆಳಗಿನಿಂದ ನಮ್ಮ ಹೊತ್ತು. ಎರಡು ಪಾತ್ರೆ ಹಿಟ್ಟನ್ನು ಕಪಾಟಿನ ತಳದಲ್ಲಿಟ್ಟು, ಬಿಸಿಯನ್ನು ತೀರಾ ಸಣ್ಣಗೆ ಮಾಡಿ ಮೇಲೆ ಬಂದೆ.

ಮಧ್ಯಾಹ್ನ ಹೋಗಿ ಕಪಾಟಿನ ಬಾಗಿಲು ತೆರೆದೆ. ಮಳೆಯಲ್ಲಿ ನೆಂದ ನೀಲಿ ಬಟ್ಟೆಯೊಂದನ್ನು ಯಾರೋ ಒಳಗೆ ನೇತುಹಾಕಿದ್ದರು. ಅಂಗಿ ಪ್ಯಾಂಟು ಒಂದಾಗಿರುವ, ವಿದ್ಯಾರ್ಥಿಗಳು ತಮ್ಮ ಪಾರ್ಟಿಗಳಿಗೆ ಹಾಕಿಕೊಳ್ಳುವ ಓವರಾಲ್ ಅದು. ಬಿಸಿಯನ್ನೂ ಜೋರು ಮಾಡಿದ್ದರು. ಒಂದು ಪಾತ್ರೆಯ ಹಿಟ್ಟು ಉಕ್ಕೇರಿ, ನೇತಾಡುತ್ತಿದ್ದ ಎಡಗಾಲನ್ನು ಮೊಣಕಾಲಿನವರೆಗೂ ನುಂಗಿತ್ತು. ಅಂಚಿನಲ್ಲಿ ಹಿಟ್ಟು ಬೆಂದು ಗಟ್ಟಿಯಾಗಿತ್ತು. ಆ ಬಟ್ಟೆಗೆ ಇಡ್ಲಿಯದೇ ಒಂದು ಬೂಟು ತೊಡಿಸಿದ ಹಾಗಿತ್ತು.

ಇನ್ನೊಂದು ಪಾತ್ರೆ ಹಿಂದೆ ಮೂಲೆಯಲ್ಲಿ ಹದವಾಗಿ ಉಬ್ಬಿತ್ತು. ಅದನ್ನು ಮನೆಗೆ ಒಯ್ದಿಟ್ಟು ಬಂದು ಬಟ್ಟೆಯನ್ನು ಮಶೀನಿಗೆ ಹಾಕಿದೆ. ಅದರಲ್ಲಿ ಹಿಟ್ಟಷ್ಟೇ ಅಲ್ಲ, ಕೆಸರು, ಎಣ್ಣೆ, ಕಾಫಿ, ಏನೆಲ್ಲ ಇತ್ತು! ಓದುವ ಮಗು, ಒಗೆದುಕೊಳ್ಳಲು ಪುರುಸೊತ್ತಿಲ್ಲ ಪಾಪ ಅಂದುಕೊಂಡೆ. ಕತ್ತಿನ ಹತ್ತಿರ, ತೋಳಿನ ಹತ್ತಿರ ಬ್ರಷ್ ಹಾಕಿ ತಿಕ್ಕಿ, ಮತ್ತೊಮ್ಮೆ ಮಶೀನಿಗೆ ಹಾಕಿದೆ. ಅದರ ಮೇಲೆ ಹೊಲಿದಿದ್ದ ಬಣ್ಣಬಣ್ಣದ ಬಟ್ಟೆಯ ಬಿಲ್ಲೆಗಳೆಲ್ಲ ಹೊಸದರಂತೆ ಹೊಳೆದವು. ತುಂಬ ಸಮಾಧಾನವಾಯಿತು.

ಅಷ್ಟರಲ್ಲಿ ಚಾರ್ವಿ ನನ್ನನ್ನು ಹುಡುಕಿಕೊಂಡು ಬಂದಳು. ಕಪಾಟಿನಲ್ಲಿ ಒಣಗುತ್ತಿದ್ದ ಬಟ್ಟೆ ನೋಡಿ ನಿಂತುಬಿಟ್ಟಳು.

“ನೀರಜಕ್ಕಾ, ಇದು ಲಿನ್ನೆಯಾ ಓವರಾಲ್ ಅಲ್ವಾ? ಯಾಕೆ ಘಮ್ ಅಂತಿದೆ?”

“ಒಗೆದೆ ಕಣೇ. ಹಿಟ್ಟು ಮೆತ್ಕೊಂಡಿತ್ತು.”

“ಒಗೆದ್ರಾ? ಮಶೀನಲ್ಲಿ? ಅಯ್ಯೋ ಅಕ್ಕಾ, ಓವರಾಲ್‌ನ ಯಾರೂ ಒಗೆಯಲ್ಲ!”

“ಯಾರೂ ಒಗೆಯಲ್ಲ ಅಂದ್ರೆ?”

“ಓದು ಮುಗಿಯೋವರ್ಗೂ ಒಗೆಯಲ್ಲ. ಅದು ರೂಲ್. ಒಗೀಲೇಬೇಕು ಅಂದ್ರೆ ಅದನ್ನ ಹಾಕ್ಕೊಂಡೇ ಕೆರೆಗೆ ಹಾರ್ಬೇಕು. ಒಂದೊಂದು ಕಲೆನೂ ಒಂದೊಂದು ಪಾರ್ಟಿದು ಅಕ್ಕಾ, ಅವ್ರಿಗೆ ಮೆಮೊರಿ ಅದು!”

ನಾನು ಮಶೀನಿನ ಮೇಲೆ ಕೈಯೂರಿ ನಿಂತೆ. “ಎರಡು ಸಲ ಒಗೆದೆ. ಬ್ರಷ್ ಬೇರೆ ಹಾಕ್ದೆ.”

“ಬ್ರಷ್ ಬೇರೆ!” ಎಂದು ಚಾರ್ವಿ ಬಾಯಿ ಮುಚ್ಚಿಕೊಂಡಳು. ಅವಳು ನಗುತ್ತಿದ್ದಳೋ ಹೆದರಿದ್ದಳೋ ತಿಳಿಯಲಿಲ್ಲ.

ಸಂಜೆ ಅಶ್ವತ್ಥ ಬಂದ ಮೇಲೆ ಮೂವರೂ ಆ ಓವರಾಲನ್ನು ನಡುವೆ ಇಟ್ಟುಕೊಂಡು ಕೂತೆವು.

“ಸುಮ್ನೆ ವಾಪಸ್ ನೇತುಹಾಕಿ ಬಂದ್ಬಿಡು. ಮಳೇಲಿ ನೆಂದು ಕ್ಲೀನ್ ಆಯ್ತು ಅಂದ್ಕೋತಾಳೆ” ಅಂದ ಅಶ್ವತ್ಥ.

“ಮಳೇಲಿ ನೆಂದ್ರೆ ಸೋಪಿನ್ ವಾಸ್ನೆ ಬರತ್ತಾ?”

“ಸ್ವೀಡನ್ ಮಳೆ, ಬಂದ್ರೂ ಬರ್ಬೋದು.”

“ನಾಳೆ ಒಂದಿನ ಕಳೀಲಿ ಅಕ್ಕಾ. ಲಿನ್ನೆಯಾ ಒಪ್ಕೊಂಡ್ಮೇಲೆ ಹೇಳಿದ್ರಾಯ್ತು” ಅಂದಳು ಚಾರ್ವಿ.

ಇಬ್ಬರೂ ನನ್ನ ಒಳ್ಳೆಯದಕ್ಕೇ ಹೇಳಿದ್ದು. ಆದರೆ ನಾಳೆ ಅವಳ ತಟ್ಟೆಗೆ ಇಡ್ಲಿ ಹಾಕುವಾಗ ಅವಳ ಮುಖ ನೋಡಲು ನನ್ನಿಂದ ಆಗುವುದಿಲ್ಲ. ಮೊದಲೇ ನಾನು ಯಾರ ಮುಖವನ್ನೂ ನೋಡುವವಳಲ್ಲ, ಇದೂ ಸೇರಿದರೆ ಪ್ರತಿ ಶುಕ್ರವಾರ ಅಡುಗೆಮನೆಯಲ್ಲೂ ಬಚ್ಚಿಟ್ಟುಕೊಂಡೇ ಇರಬೇಕಾಗುತ್ತದೆ. ಬಟ್ಟೆಯನ್ನು ಮಡಚಿ ಎತ್ತಿಕೊಂಡು ಮೇಲಿನ ಮಹಡಿಗೆ ಹೋದೆ. ಕಿಂಡಿಯಲ್ಲಿ ನೋಡಿಕೊಳ್ಳುವುದನ್ನೂ ಮರೆತಿದ್ದೆ.

ಲಿನ್ನೆಯಾ ಬಾಗಿಲು ತೆರೆದವಳೇ ನನ್ನ ಕೈಯಲ್ಲಿದ್ದ ಬಟ್ಟೆ ನೋಡಿ ಕೆಂಪಗಾದಳು. ನಾನು ಬಾಯಿ ತೆರೆಯುವ ಮೊದಲೇ ಇಂಗ್ಲಿಷಿನಲ್ಲಿ ಶುರುಮಾಡಿದಳು. “ಕ್ಷಮಿಸು, ಕ್ಷಮಿಸು! ಅದು ನಿನ್ನ ಹೊತ್ತು ಅಂತ ನನಗೆ ಗೊತ್ತಿತ್ತು. ಕ್ಲಾಸಿಗೆ ತಡವಾಗಿತ್ತು, ನೋಡದೆ ನೇತುಹಾಕಿ ಓಡಿದೆ. ನಾನು ಯಾವತ್ತೂ ಹಾಗೆ ಮಾಡುವವಳಲ್ಲ. ದಯವಿಟ್ಟು ಮನೆ ಮಾಲೀಕರಿಗೆ ಹೇಳಬೇಡ.”

ಪರವಾಗಿಲ್ಲ ಅಂದು ತಿರುಗಿ ಬಂದಿದ್ದರೆ ಮುಗಿದುಹೋಗುತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು.

“ನಾನು ಇದನ್ನು ಒಗೆದೆ” ಅಂದೆ.

ಅವಳಿಗೆ ಅರ್ಥವಾಗಲಿಲ್ಲ. ಬಟ್ಟೆ ಬಿಡಿಸಿ ತೋರಿಸಿ, ಹಿಟ್ಟು ಉಕ್ಕಿದ್ದನ್ನು ಕೈಯಲ್ಲೇ ಅಭಿನಯಿಸಿ ಹೇಳಿದೆ. ಅವಳು ತೋಳನ್ನು ಮೂಗಿನ ಹತ್ತಿರ ಹಿಡಿದಳು. ಮಂಡಿಯ ಮೇಲೆ ಕೈಯಾಡಿಸಿ, “ಇಲ್ಲಿ ಮೊದಲ ವರ್ಷದ ಸಾಸಿವೆ ಇತ್ತು” ಅಂದಳು ಮೆಲ್ಲಗೆ. ಬೈಯಲಿಲ್ಲ. ಹೇಳಿದ್ದಕ್ಕೆ ಥ್ಯಾಂಕ್ಸ್ ಅಂದು ಬಾಗಿಲು ಹಾಕಿಕೊಂಡಳು. ಬೈದಿದ್ದರೇ ಚೆನ್ನಾಗಿತ್ತು.

ಶುಕ್ರವಾರ ಬೆಳಿಗ್ಗೆ ಕೆಫೆಯ ಅಡುಗೆಮನೆಯಲ್ಲಿ ಇಡ್ಲಿ ಬೇಯಿಸಿದೆ, ಸಾಂಬಾರ್ ಕುದಿಸಿದೆ, ಚಟ್ನಿ ರುಬ್ಬಿದೆ. ಸಾಂಬಾರಿನ ಪರಿಮಳಕ್ಕೆ ಗುನಿಲ್ಲಾ ಎರಡು ಸಲ ಬಂದು ಮುಚ್ಚಳ ತೆಗೆದು ನೋಡಿ ಹೋದಳು. ಮಧ್ಯಾಹ್ನ ಹುಡುಗರು ಬಂದರು. ಹಲಗೆಯ ಮೇಲೆ ಬರೆದದ್ದನ್ನು ಓದಿ, ಬಿಳಿ ಇಡ್ಲಿಗಳನ್ನು ಇಣುಕಿ ನೋಡಿ, ಮಾಮೂಲಿ ಬ್ರೆಡ್ಡನ್ನೇ ತೆಗೆದುಕೊಂಡು ಹೋದರು. ಚಾರ್ವಿಯೂ ಅವಳ ಇಬ್ಬರು ಗೆಳತಿಯರೂ ಮಾತ್ರ ತಿಂದರು. ಒಲೆಯ ಮೇಲೆ ಬೇಯುತ್ತಿದ್ದ ಇಡ್ಲಿಗಿಂತ ನನ್ನ ಮುಖವೇ ಹೆಚ್ಚು ಬೆವರಿತ್ತು.

ಆಗ ಲಿನ್ನೆಯಾ ಬಂದಳು, ಅದೇ ಓವರಾಲ್ ಹಾಕಿಕೊಂಡು. ಹಿಂದೆ ಸಂಜೆಯ ಪಾರ್ಟಿಗೆ ಸಿದ್ಧವಾಗಿ ಬಂದ ಅವಳ ಕ್ಲಾಸಿನ ಗುಂಪು, ಎಲ್ಲರದೂ ಕೊಳೆ ಹಿಡಿದ ನೀಲಿ ಓವರಾಲ್. ಅವರ ನಡುವೆ ಅವಳೊಬ್ಬಳು ಇಸ್ತ್ರಿ ಮಾಡಿದ ಹಾಗೆ ಹೊಳೆಯುತ್ತಿದ್ದಳು.

“ಏನಮ್ಮ, ಇವತ್ತೇ ಕಾಲೇಜಿಗೆ ಸೇರಿದೆಯಾ?” ಎಂದು ಒಬ್ಬ ಕೂಗಿದ. ಎಲ್ಲರೂ ನಕ್ಕರು.

ಲಿನ್ನೆಯಾ ನೇರವಾಗಿ ಬಂದು ನನ್ನ ಮುಂದೆ ತಟ್ಟೆ ಹಿಡಿದಳು. ಬಟ್ಟಲಿಗೆ ಸಾಂಬಾರ್ ಹಾಕುವಾಗ ಬಾಯಿಂದ ತಾನಾಗಿ ಬಂತು: “ಜೋಪಾನ. ಇದರಲ್ಲಿ ಅರಿಶಿನ ಇದೆ. ಬಟ್ಟೆಗೆ ಬಿದ್ದರೆ ಹೋಗುವುದಿಲ್ಲ.”

“ಎಷ್ಟು ಒಗೆದರೂ?”

“ನಾನು ಒಗೆದರೂ.”

ಅವಳು ನನ್ನನ್ನು ನೋಡಿದಳು. ಸಾಂಬಾರನ್ನು ನೋಡಿದಳು. ಆಮೇಲೆ ಎರಡು ಬೆರಳು ಅದ್ದಿ, ತೊಡೆಯ ಮೇಲೆ ಉದ್ದಕ್ಕೆ ಎಳೆದಳು. ಎಳೆಬಿಸಿಲಿನಂಥ ಹಳದಿ ಗೆರೆ ಮೂಡಿತು. ಗುಂಪು ಹೋ ಎಂದು ಕಿರುಚಿತು. ಅಣಕಿಸಿದ್ದ ಹುಡುಗ ತಾನೂ ಒಂದು ಗೆರೆ ಎಳೆಯುತ್ತೇನೆಂದು ಕೈ ಚಾಚಿದ.

ಲಿನ್ನೆಯಾ ಅವನ ಕೈಗೆ ಹೊಡೆದಳು. “ಸುಮ್ಮನೆ ಬಂದು ಕಲೆ ಮಾಡುವ ಹಾಗಿಲ್ಲ. ಮೊದಲು ಒಂದು ತಟ್ಟೆ ಪೂರ್ತಿ ತಿನ್ನಬೇಕು. ಇದು ಹೊಸ ರೂಲ್.”

ಸಾಲು ಕೆಫೆಯ ಬಾಗಿಲು ದಾಟಿ ಹೊರಗೆ ಬೆಳೆಯಿತು. ಕಲೆ ಮಾಡುವುದಕ್ಕೆಂದು ತಿಂದವರಲ್ಲಿ ಎಷ್ಟೋ ಜನ ಕಲೆಯನ್ನು ಮರೆತು ಮತ್ತೆ ತಟ್ಟೆ ಹಿಡಿದು ಬಂದರು. ಚಟ್ನಿಯ ಹೆಸರೇನು ಎಂದು ಕೇಳಿದರು. ಒಬ್ಬಳು ತನ್ನ ತೋಳಿಗೂ ಸಾಂಬಾರ್ ಹಚ್ಚಿಕೊಂಡಳು. ಒಂದು ಪಾತ್ರೆ ಹಿಟ್ಟು ಎಷ್ಟು ಹೊತ್ತು ಬಂದೀತು? ಕೊನೆಯ ತಟ್ಟೆ ಖಾಲಿಯಾದಾಗಲೂ ಸಾಲಿನಲ್ಲಿ ಜನ ನಿಂತಿದ್ದರು.

ಗುನಿಲ್ಲಾ ನನ್ನ ಕಡೆ ನೋಡಿ, “ನಿನ್ನ ಅಡುಗೆ, ನೀನೇ ಹೇಳು” ಅಂದಳು.

ಅಷ್ಟು ಜನರೆದುರು ನಾನು ಯಾವತ್ತೂ ಗಂಟಲೆತ್ತಿದವಳಲ್ಲ. ಸ್ವೀಡಿಷ್ ಮಾತು ಹುಡುಕಿದೆ, ಸಿಗಲಿಲ್ಲ. ಇಂಗ್ಲಿಷೂ ಕೈಕೊಟ್ಟಿತು. ಖಾಲಿ ಪಾತ್ರೆಯನ್ನು ಮಗುಚಿ ಎತ್ತಿ ತೋರಿಸಿ ಜೋರಾಗಿ ಕೂಗಿದೆ: “ಮುಗೀತು!”

ಒಬ್ಬರಿಗೂ ಅನುವಾದ ಬೇಕಾಗಲಿಲ್ಲ. ಸಾಲಿನವರೆಲ್ಲ ಒಟ್ಟಿಗೆ “ಅಯ್ಯೋ” ಎನ್ನುವಂಥದ್ದೇನೋ ಅಂದರು. ಗುನಿಲ್ಲಾ ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಹತ್ತಿರ ಹೋದಳು. ಇಡ್ಲಿಯ ಹೆಸರನ್ನು ಅಳಿಸದೆ, ಅದರ ಕೆಳಗೆ ಮುಂದಿನ ಶುಕ್ರವಾರದ ತಾರೀಖು ಬರೆದಳು.