ತಡೆದ ಚೆಂಡುಗಳ ಲೆಕ್ಕ

ನಾಲ್ಕು ನೆಟ್ಟನೆಯ ಗೀಟು, ಅವುಗಳ ಮೇಲೆ ಅಡ್ಡಲಾಗಿ ಎಳೆದ ಐದನೆಯದು. ಇಂದಿಗೂ ಕಣ್ಣು ಮುಚ್ಚಿದರೆ ನನ್ನ ನೋಟ್‌ಬುಕ್ಕಿನ ಆ ಪುಟ್ಟ ಬೇಲಿಗಳು ಸಾಲುಗಟ್ಟಿ ನಿಲ್ಲುತ್ತವೆ.

ನಮ್ಮ ಊರಿನಲ್ಲಿ ಎರಡು ಹಾಕಿ ತಂಡಗಳಿದ್ದವು. ಒಂದಕ್ಕೆ ನನ್ನ ಅಣ್ಣ ಗೋಲ್‌ಕೀಪರ್, ಇನ್ನೊಂದಕ್ಕೆ ನನ್ನ ಜೀವದ ಗೆಳೆಯ ಬಸವಂತ. ಜಿಲ್ಲಾ ತಂಡದಲ್ಲಿ ಗೋಲ್‌ಕೀಪರನಿಗೆ ಇದ್ದದ್ದು ಒಂದೇ ಸ್ಥಾನ. ಮರುವರ್ಷ ಅಣ್ಣನ ವಯಸ್ಸು ಮೀರುತ್ತಿತ್ತು.

ಎರಡೂ ತಂಡಗಳ ಪಂದ್ಯಗಳಲ್ಲಿ ಗೋಲಿನ ಹಿಂದೆ ಕೂತು ಲೆಕ್ಕ ಬರೆಯುತ್ತಿದ್ದವನು ನಾನು; ಆಯ್ಕೆ ಮಾಡುವ ಹಿರಿಯರಿಗೆ ಆ ಲೆಕ್ಕದ ಮೇಲೆ ನಂಬಿಕೆ. ಬಿಟ್ಟ ಗೋಲುಗಳನ್ನಷ್ಟೇ ಎಣಿಸುವುದು ಅನ್ಯಾಯ. ಗೋಲಿನತ್ತ ಬಂದ ಹೊಡೆತಗಳಲ್ಲಿ ನೂರಕ್ಕೆ ಎಷ್ಟು ತಡೆದರೆಂದು ನೋಡಬೇಕು ಎಂಬುದು ನನ್ನ ವಾದ. ಅದನ್ನು ಮೊಟ್ಟಮೊದಲು ವಿವರಿಸಿದ್ದು ಬಸವಂತನಿಗೆ, ಒಂದೇ ತಟ್ಟೆಯಲ್ಲಿ ಮಿರ್ಚಿ ತಿನ್ನುತ್ತ.

"ಭಾರಿ ತಲಿ ಐತಿ ದೋಸ್ತ ನಿಂದು," ಎಂದಿದ್ದ.

ಇಬ್ಬರದೂ ಹತ್ತು ಹತ್ತು ಪಂದ್ಯಗಳು ಮುಗಿದವು. ಬಸವಂತ ನೂರಕ್ಕೆ ತೊಂಬತ್ತು, ಅಣ್ಣ ನೂರಕ್ಕೆ ಎಂಬತ್ತು. ಒಡಹುಟ್ಟಿದವನೆಂದು ನೋಡದೆ ಸತ್ಯವನ್ನೇ ಒಪ್ಪಿಸಿದೆನೆಂಬ ಹೆಮ್ಮೆ ನನಗೆ. ಬಸವಂತ ಆಯ್ಕೆಯಾದ.

ವಾರ ಕಳೆಯುವುದರೊಳಗೆ ಬಸವಂತನ ತಂಡದ ಡಿಫೆಂಡರ್ ಮಾಬುಸಾಬ ಚಹಾದಂಗಡಿಯಲ್ಲಿ ನಗಾಡಿದ: "ನಿನ್ನ ಬುಕ್ಕಿನ ಸಲುವಾಗಿ ನಮಗ ಸ್ಟಿಕ್ಕು ಎತ್ತಿ ದಾರಿ ಬಿಡೂದ ಕೆಲಸ ಆಗಿತ್ತಪಾ. 'ಜೀವಿಲ್ಲದ ಹೊಡ್ತ ಬಂದ್ರ ತಡೀಬ್ಯಾಡ್ರಿ, ನನ್ನ ಕಡೆ ಬಿಡ್ರಿ' ಅಂತಿದ್ದ ನಿನ್ನ ದೋಸ್ತ. ನಿಮ್ಮಣ್ಣನ ಮುಂದಿನೋರು ಅಂಥಾವನ್ನ ತಾವ ತಡೀತಿದ್ರು. ಅವಗ ಮುಟ್ಟತಿದ್ದುವು ಬರೇ ಗುಂಡಿನಂಥಾವು."

ಬಸವಂತನನ್ನು ಮೈದಾನದಲ್ಲೇ ಹಿಡಿದು ಕೇಳಿದೆ. ಅವನು ಕಣ್ಣು ತಗ್ಗಿಸಲಿಲ್ಲ.

"ಚೆಂಡು ಬಂದಿದ್ದು ಸುಳ್ಳೇನು? ನಾ ತಡದಿದ್ದು ಸುಳ್ಳೇನು? ಗೀಟು ಹಾಕಿದ ಕೈ ನಿಂದ ಅಲ್ಲೇನಲೇ?"

ನೋಟ್‌ಬುಕ್ ತೆರೆದು ನೋಡಿದೆ. ಸತ್ತ ಹೊಡೆತಕ್ಕೂ ಗುಂಡಿನಂಥ ಹೊಡೆತಕ್ಕೂ ನನ್ನ ಪುಟದಲ್ಲಿ ಒಂದೇ ಎತ್ತರದ ಗೀಟು.

ಮನೆಗೆ ಬಂದು ಎಲ್ಲವನ್ನೂ ಅಣ್ಣನಿಗೆ ಹೇಳಿದೆ. ಅವನು ರೊಟ್ಟಿ ಮುರಿಯುತ್ತ ಕೇಳಿಸಿಕೊಂಡ.

"ಬಸವಂತ ನಿನಗ ಮೋಸ ಮಾಡಿದ ಅಂತಿ," ಎಂದ ಕೊನೆಗೆ. "ಆಗಲಿ. ನೀ ಹತ್ತೂ ಆಟ ಗೋಲಿನ ಹಿಂದ ಕುಂತಿದ್ದಿಯಲ್ಲ, ತಮ್ಮಾ. ನನ್ನ ಆಟ ಒಂದಾದ್ರೂ ಕಂಡಿತೇನು?"

ಅಣ್ಣ ಅಂಗಿಯ ತೋಳು ಮಡಚಿ ಕೈ ತೊಳೆಯಲೆದ್ದ. ಮೊಣಕೈಯಿಂದ ಮಣಿಕಟ್ಟಿನವರೆಗೆ ಚೆಂಡು ಬಡಿದ ಕಲೆಗಳು. ಕೆಲವು ನೀಲಿ, ಕೆಲವು ಆಗಲೇ ಹಳದಿಗೆ ತಿರುಗಿದ್ದವು. ದಿನವೂ ಅವನ ಪಕ್ಕದಲ್ಲೇ ಉಣ್ಣುತ್ತಿದ್ದ ನಾನು ಅವನ್ನು ಕಂಡದ್ದು ಅಂದೇ ಮೊದಲು.